ಶಿಬಿರ ಮುಗಿದ ಮರುದಿನದಿಂದ

ಕರ್ನಾಟಕದ ಬಹುತೇಕ ತಾಲ್ಲೂಕು ಕೇಂದ್ರಗಳಲ್ಲಿ ಒಂದಾದರೂ ಸೇವಾ ಕ್ಲಬ್ ಇದೆ. ರೋಟರಿ ಇಲ್ಲದ ಕಡೆ ಲಯನ್ಸ್, ಅದೂ ಇಲ್ಲದಿದ್ದರೆ ಜೇಸಿ. ಸದಸ್ಯರು ಊರಿಗೆ ಪರಿಚಿತರೇ: ಔಷಧಿ ಅಂಗಡಿಯವರು, ವಕೀಲರು, ದಂತವೈದ್ಯರು, ಅಡಿಕೆ ಮಂಡಿಯವರು, ನಿವೃತ್ತ ಬ್ಯಾಂಕ್ ಮ್ಯಾನೇಜರರು. ವಾರಕ್ಕೋ ಹದಿನೈದು ದಿನಕ್ಕೋ ಒಂದು ಸಭೆ. ರೋಟರಿ, ಲಯನ್ಸ್‌ಗಳಲ್ಲಿ ಜುಲೈ 1ಕ್ಕೆ ಹೊಸ ವರ್ಷ, ಹೊಸ ಅಧ್ಯಕ್ಷರು. ಕರಾವಳಿಯ ರೋಟರಿಗಳಲ್ಲಿ ಸಭೆಯ ಶಿಸ್ತು ಕಾಯಲು ದಂಡಪಾಣಿ ಎಂಬ ಪದಾಧಿಕಾರಿಯೂ ಇರುತ್ತಾರೆ.

ರೋಟರಿ ಮತ್ತು ಲಯನ್ಸ್ ಎರಡರ ಮೂಲವೂ ಅಮೆರಿಕದ ಶಿಕಾಗೋ. 1905ರಲ್ಲಿ ಪಾಲ್ ಹ್ಯಾರಿಸ್ ಎಂಬ ವಕೀಲರು ರೋಟರಿಯನ್ನು ಶುರುಮಾಡಿದರು. 1917ರಲ್ಲಿ ಅದೇ ಊರಿನ ವಿಮಾ ವ್ಯವಹಾರದ ಮೆಲ್ವಿನ್ ಜೋನ್ಸ್ ಲಯನ್ಸ್ ಕಟ್ಟಿದರು. ಬೆಂಗಳೂರಿಗೆ ರೋಟರಿ ಬಂದದ್ದು 1934ರಲ್ಲಿ, ಭಾರತಕ್ಕೆ ಲಯನ್ಸ್ ಕಾಲಿಟ್ಟದ್ದು 1956ರಲ್ಲಿ. ಎಂಬತ್ತರ ದಶಕದ ಕೊನೆಯವರೆಗೆ ಎರಡೂ ಗಂಡಸರ ಕೂಟಗಳೇ ಆಗಿದ್ದವು. ಹೆಂಗಸರು ಇನ್ನರ್ ವೀಲ್‌ನಂಥ ಪ್ರತ್ಯೇಕ ಸಂಘಟನೆಗಳಲ್ಲಿ ದುಡಿದರು.

ಲಯನ್ಸ್‌ನವರು ಕಣ್ಣಿನ ಕೆಲಸ ಹಿಡಿದದ್ದಕ್ಕೆ 1925ರ ಸಮಾವೇಶ ಕಾರಣ. ಅಲ್ಲಿ ಹೆಲೆನ್ ಕೆಲರ್ ಮಾತನಾಡಿ, ಅಂಧರ ಪರವಾಗಿ ನಿಲ್ಲುವಂತೆ ಸದಸ್ಯರನ್ನು ಕೇಳಿಕೊಂಡಿದ್ದರು. ಕರ್ನಾಟಕದಲ್ಲಿ ಕಣ್ಣಿನ ಶಿಬಿರ ಎಂದೊಡನೆ ಹಿರಿಯರಿಗೆ ನೆನಪಾಗುವುದು ಡಾ. ಎಂ.ಸಿ. ಮೋದಿ. ಅವರು ಊರೂರು ತಿರುಗಿ ಪೊರೆಯ ಸಾಮೂಹಿಕ ಶಸ್ತ್ರಚಿಕಿತ್ಸೆ ನಡೆಸುತ್ತಿದ್ದ ಕಾಲದಲ್ಲಿ ರೋಗಿಗಳ ಊಟ, ವಸತಿ, ಆರೈಕೆಗೆ ಊರಿನವರೇ ನಿಂತುಕೊಳ್ಳಬೇಕಿತ್ತು. ಈಗ ಹಾಗಿಲ್ಲ. ಸೋಂಕಿನ ಭಯದಿಂದ ತಾತ್ಕಾಲಿಕ ಜಾಗಗಳಲ್ಲಿ ಶಸ್ತ್ರಚಿಕಿತ್ಸೆ ನಿಂತಿದೆ. ಶಾಲೆಯಲ್ಲೋ ಸಮುದಾಯ ಭವನದಲ್ಲೋ ತಪಾಸಣೆಯಷ್ಟೇ ನಡೆಯುತ್ತದೆ. ಪೊರೆ ಬಂದವರನ್ನು ವಾಹನದಲ್ಲಿ ಆಸ್ಪತ್ರೆಗೆ ಕರೆದೊಯ್ದು, ಮಸೂರ ಅಳವಡಿಸಿ, ಒಂದೆರಡು ದಿನದಲ್ಲಿ ಮನೆಗೆ ಬಿಡುತ್ತಾರೆ.

ಅಲ್ಲಿಂದ ಮುಂದೆ ರೋಗಿ ಒಬ್ಬಂಟಿ. ಕಣ್ಣಿಗೆ ಹಲವು ವಾರ ಹನಿ ಔಷಧಿ ಹಾಕಬೇಕು, ಮೊದಮೊದಲು ದಿನಕ್ಕೆ ಹಲವು ಬಾರಿ. ಕಣ್ಣು ಕೆಂಪಾದರೆ, ನೋವು ಬಂದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಗಾಯ ಮಾಗಿದ ಮೇಲೆ ಮತ್ತೊಮ್ಮೆ ತಪಾಸಣೆ ಮಾಡಿಸಿ, ಬೇಕಿದ್ದರೆ ಕನ್ನಡಕ ಹಾಕಿಕೊಳ್ಳಬೇಕು. ಮಕ್ಕಳು ಬೆಂಗಳೂರಿನಲ್ಲಿರುವ, ದಿನಕ್ಕೆ ಎರಡೇ ಬಸ್ಸು ಬರುವ ಹಳ್ಳಿಯ ಅಜ್ಜಿಗೆ ಇದರಲ್ಲಿ ಯಾವುದೂ ಸುಲಭವಲ್ಲ. ಶಿಬಿರದ ವರದಿಯಲ್ಲಿ ಶಸ್ತ್ರಚಿಕಿತ್ಸೆಗಳ ಸಂಖ್ಯೆ ಇರುತ್ತದೆ. ಒಂದೂವರೆ ತಿಂಗಳ ನಂತರ ಅವರಲ್ಲಿ ಎಷ್ಟು ಮಂದಿ ಅಕ್ಕಿಯಲ್ಲಿ ಕಲ್ಲು ಆರಿಸಬಲ್ಲರು ಎಂಬ ಲೆಕ್ಕ ಸಾಮಾನ್ಯವಾಗಿ ಇರುವುದಿಲ್ಲ.

ರಕ್ತದಾನದ ಕಥೆಯೂ ಇಂಥದ್ದೇ. ಗಾಂಧಿ ಜಯಂತಿ, ಸ್ವಾತಂತ್ರ್ಯೋತ್ಸವ, ನಾಯಕರ ಹುಟ್ಟುಹಬ್ಬ ಬಂದರೆ ಒಂದೇ ದಿನ ನಾಲ್ಕು ಕಡೆ ಶಿಬಿರ. ಕೆಂಪು ರಕ್ತಕಣಗಳನ್ನು ಕಾಪಿಡಬಹುದಾದದ್ದು ಹೆಚ್ಚೆಂದರೆ 42 ದಿನ. ಪ್ಲೇಟ್‌ಲೆಟ್ ಉಳಿಯುವುದು 5 ದಿನ ಮಾತ್ರ. ಆದ್ದರಿಂದ ಒಂದು ದಿನದ ಸಮೃದ್ಧಿ ಮುಂದಿನ ತಿಂಗಳುಗಳ ಕೊರತೆಯನ್ನು ತುಂಬುವುದಿಲ್ಲ. ಕಾಲೇಜುಗಳಿಗೆ ರಜೆ ಇರುವ ಏಪ್ರಿಲ್-ಮೇ ತಿಂಗಳಲ್ಲಿ ರಕ್ತನಿಧಿಗಳು ಬರಿದಾಗುತ್ತವೆ. ಅಪಘಾತಗಳು, ಹೆರಿಗೆಗಳು ಆಗಲೂ ನಿಲ್ಲುವುದಿಲ್ಲ. ಥಲಸ್ಸೇಮಿಯಾ ಇರುವ ಮಕ್ಕಳಿಗೆ ಕೆಲವು ವಾರಗಳಿಗೊಮ್ಮೆ ರಕ್ತ ಬೇಕೇ ಬೇಕು. ಆ ಮಕ್ಕಳಿಗೆ ಕ್ಯಾಲೆಂಡರಿನ ವಿಶೇಷ ದಿನಗಳಿಂದ ಪ್ರಯೋಜನವಿಲ್ಲ.

ಇನ್ನು ಶಾಲೆಗಳಿಗೆ ಕೊಡುವ ವಸ್ತುಗಳು. ನೋಟ್‌ಬುಕ್ಕು, ಬೆಂಚು ಕೊಟ್ಟರೆ ಅಲ್ಲಿಗೆ ಮುಗಿಯಿತು, ಚಿಂತೆಯಿಲ್ಲ. ಕುಡಿಯುವ ನೀರಿನ ಶುದ್ಧೀಕರಣ ಯಂತ್ರಕ್ಕೆ ಫಿಲ್ಟರ್ ಬದಲಿಸುವವರು ಬೇಕು, ಶೌಚಾಲಯಕ್ಕೆ ನೀರು ಮತ್ತು ತೊಳೆಯುವವರು ಬೇಕು, ಕಂಪ್ಯೂಟರಿಗೆ ಕಲಿಸುವವರು ಬೇಕು. ಸರ್ಕಾರಿ ಶಾಲೆಯ ಮುಖ್ಯೋಪಾಧ್ಯಾಯರ ಕೈಯಲ್ಲಿರುವ ಚಿಲ್ಲರೆ ಅನುದಾನದಲ್ಲಿ ಇಷ್ಟೆಲ್ಲ ನಡೆಯದು. ಕೊಟ್ಟವರ ಹೆಸರಿನ ಫಲಕ ಮಾತ್ರ ಎಂದೂ ಕೆಡುವುದಿಲ್ಲ, ಅದಕ್ಕೆ ಒಳ್ಳೆಯ ಎನಾಮಲ್ ಬಣ್ಣ ಬಳಿದಿರುತ್ತಾರೆ.

ಇದನ್ನು ಸದಸ್ಯರ ಪ್ರಚಾರದ ಹುಚ್ಚು ಎಂದು ಆಡಿಕೊಳ್ಳುವುದು ಅನ್ಯಾಯ. ದೋಷ ಇರುವುದು ವ್ಯವಸ್ಥೆಯಲ್ಲಿ. ಅಧ್ಯಕ್ಷರ ಅವಧಿ ಒಂದೇ ವರ್ಷ. ಜೂನ್ 30ರೊಳಗೆ ಶುರುವಾಗಿ ಮುಗಿಯುವ ಕೆಲಸಕ್ಕೇ ಅವರ ಒಲವು. ಹೋದ ವರ್ಷದವರು ಕೊಟ್ಟ ಯಂತ್ರವನ್ನು ರಿಪೇರಿ ಮಾಡಿಸಿದರೆ ಉದ್ಘಾಟನೆಯೂ ಇಲ್ಲ, ಕ್ಲಬ್‌ಗಳ ಮೇಲ್ವಿಚಾರಣೆ ನೋಡುವ ಜಿಲ್ಲಾ ಗವರ್ನರರ ಭೇಟಿಯ ದಿನ ತೋರಿಸುವುದಕ್ಕೂ ಏನಿಲ್ಲ. ದಾನಿಗಳ ಮನಸ್ಸೂ ಇದಕ್ಕಿಂತ ಬೇರೆಯಲ್ಲ. ಹೊಸ ಆಂಬುಲೆನ್ಸಿಗೆ ಹಣ ಹುಟ್ಟುತ್ತದೆ, ಅದರ ಟೈರಿಗೆ ಹುಟ್ಟುವುದಿಲ್ಲ.

ಪಟ್ಟು ಹಿಡಿದರೆ ಇವೇ ಕ್ಲಬ್‌ಗಳು ಏನು ಮಾಡಬಲ್ಲವು ಎಂಬುದಕ್ಕೆ ಪೋಲಿಯೊ ಸಾಕ್ಷಿ. ರೋಟರಿ 1985ರಲ್ಲಿ ಪೋಲಿಯೊ ನಿರ್ಮೂಲನೆಯ ಕೆಲಸವನ್ನು ಜಗತ್ತಿನಾದ್ಯಂತ ಕೈಗೆತ್ತಿಕೊಂಡಿತು. ಭಾರತದಲ್ಲಿ ಪಲ್ಸ್ ಪೋಲಿಯೊ 1995ರಲ್ಲಿ ಆರಂಭವಾಯಿತು. ದೇಶದ ಕೊನೆಯ ಪ್ರಕರಣ ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ 2011ರ ಜನವರಿಯಲ್ಲಿ ಪತ್ತೆಯಾಯಿತು. 2014ರ ಮಾರ್ಚ್ 27ರಂದು ಭಾರತವೂ ಸೇರಿದಂತೆ ಆಗ್ನೇಯ ಏಷ್ಯಾ ವಲಯಕ್ಕೆ ಪೋಲಿಯೊಮುಕ್ತ ಪ್ರಮಾಣಪತ್ರ ದೊರೆಯಿತು. ಅಷ್ಟು ವರ್ಷಗಳಲ್ಲಿ ಪ್ರತಿ ಕ್ಲಬ್ಬಿನಲ್ಲೂ ಅಧ್ಯಕ್ಷರು ವರ್ಷ ವರ್ಷ ಬದಲಾಗಿದ್ದರು, ಕೆಲಸ ಬದಲಾಗಿರಲಿಲ್ಲ. ಬಸ್ ನಿಲ್ದಾಣದ ಬೂತಿನಲ್ಲಿ ಮಕ್ಕಳ ಬೆರಳಿಗೆ ಶಾಯಿ ಹಚ್ಚುತ್ತ ಕುಳಿತವರಲ್ಲಿ ಊರಿನ ಈ ವ್ಯಾಪಾರಿಗಳೂ ಇದ್ದರು.

ಊರಿನ ನಾಗರಿಕರಲ್ಲಿ ಮಾಡಬೇಕಾದ ಮನವಿ ಈ ಹಿನ್ನೆಲೆಯಿಂದಲೇ ಹುಟ್ಟುತ್ತದೆ. ಕ್ಲಬ್ಬಿನವರು ರಸೀದಿ ಪುಸ್ತಕ ಹಿಡಿದು ಬಂದಾಗ ಕೊಡುವವರು ಕೊಡುತ್ತಲೇ ಇರಲಿ. ಅದರೊಂದಿಗೆ, ತಮ್ಮ ಹಣದಲ್ಲಿ ಒಂದು ಪಾಲು ಹಳೆಯ ಕೆಲಸದ ನಿರ್ವಹಣೆಗೆ ಹೋಗಲಿ ಎಂದು ಬಾಯಿಬಿಟ್ಟು ಹೇಳಲಿ. ಒಮ್ಮೆಗೆ ಐದು ಸಾವಿರ ಕೊಟ್ಟು ಮರೆಯುವುದಕ್ಕಿಂತ ತಿಂಗಳಿಗೆ ಇನ್ನೂರು ಮುನ್ನೂರು ಕೊಡುವವರು ಹತ್ತು ಮಂದಿ ಸಿಕ್ಕರೆ ಒಂದು ಶಾಲೆಯ ನೀರಿನ ಯಂತ್ರ ನಡೆಯುತ್ತದೆ. ಹಣ ಕೊಡಲಾಗದವರು ಸಮಯ ಕೊಡಬಹುದು. ಶಸ್ತ್ರಚಿಕಿತ್ಸೆಯಾದವರಿಗೆ ಔಷಧಿ ನೆನಪಿಸಲು ಒಂದು ಫೋನು, ಮರುತಪಾಸಣೆಯ ದಿನ ಸ್ಕೂಟರಿನಲ್ಲಿ ಕರೆತರುವವರು ಒಬ್ಬರು ಇದ್ದರೆ ಶಿಬಿರದ ಅರ್ಧ ಲೋಪ ಸರಿಹೋಗುತ್ತದೆ. ರಕ್ತ ಕೊಡುವವರು ಶಿಬಿರಕ್ಕಾಗಿ ಕಾಯದೆ ರಕ್ತನಿಧಿಯಲ್ಲಿ ಹೆಸರು ಬರೆಸಿ, ಕರೆ ಬಂದಾಗ ಹೋಗುವುದು ಹೆಚ್ಚು ಉಪಕಾರಿ. ಆರೋಗ್ಯವಂತ ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು.

ಹಣದ ವಿಷಯದಲ್ಲಿ ಸಂಕೋಚ ಬೇಡ. ಲಯನ್ಸ್ ನಿಯಮದ ಪ್ರಕಾರ ಸಾರ್ವಜನಿಕರಿಂದ ಎತ್ತಿದ ಹಣ ಸಾರ್ವಜನಿಕ ಸೇವೆಗೇ ಹೋಗಬೇಕು. ಸಭೆ, ಊಟ, ಆಡಳಿತದ ಖರ್ಚು ಸದಸ್ಯರ ಚಂದಾದಿಂದಲೇ ನಡೆಯಬೇಕು. ಎರಡಕ್ಕೂ ಪ್ರತ್ಯೇಕ ಲೆಕ್ಕವಿರಬೇಕು. ಆ ಲೆಕ್ಕವನ್ನು ಕೇಳುವುದು ದಾನಿಯ ಹಕ್ಕು, ಕೇಳಿದ ಮಾತ್ರಕ್ಕೆ ಯಾರಿಗೂ ಅವಮಾನವಾಗುವುದಿಲ್ಲ. ತೆರಿಗೆ ವಿನಾಯಿತಿ ಬೇಕಾದವರು ಕ್ಲಬ್ಬಿನ ಟ್ರಸ್ಟಿಗೆ ಅದರ ಮಾನ್ಯತೆ ಇದೆಯೇ ಎಂದು ಮೊದಲೇ ವಿಚಾರಿಸಿ, ಬ್ಯಾಂಕ್ ಮೂಲಕವೇ ಹಣ ಕಳಿಸುವುದು ಒಳ್ಳೆಯದು. 2,000 ರೂಪಾಯಿ ಮೀರಿದ ನಗದಿಗೆ ವಿನಾಯಿತಿ ಸಿಗುವುದಿಲ್ಲ.

ಖರ್ಚೇ ಇಲ್ಲದ ದಾನವೊಂದು ಉಳಿದಿದೆ. 2006ರಲ್ಲಿ ಡಾ. ರಾಜ್‌ಕುಮಾರ್, 2021ರಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಕುಟುಂಬದವರು ಕಣ್ಣುಗಳನ್ನು ದಾನ ಮಾಡಿದರು. ಪುನೀತ್ ಅವರ ಎರಡು ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು. ಆಗ ರಾಜ್ಯದಾದ್ಯಂತ ಜನ ಸಾಲುಗಟ್ಟಿ ವಾಗ್ದಾನಪತ್ರ ತುಂಬಿದರು. ಪತ್ರ ತುಂಬಿದವರು ಅದನ್ನು ಕಪಾಟಿನಲ್ಲಿಟ್ಟು ಸುಮ್ಮನಾದರೆ ಪ್ರಯೋಜನವಿಲ್ಲ, ಕೊನೆಗೆ ಫೋನು ಮಾಡಿ ಒಪ್ಪಿಗೆ ಕೊಡಬೇಕಾದವರು ಮನೆಯವರು. ಸಾವಿನ ಆರು ಗಂಟೆಯೊಳಗೆ ಕಣ್ಣು ತೆಗೆಯಬೇಕು. ಅಲ್ಲಿಯತನಕ ರೆಪ್ಪೆ ಮುಚ್ಚಿ, ಒದ್ದೆ ಹತ್ತಿ ಇಟ್ಟು, ಫ್ಯಾನ್ ಆರಿಸಿ, ತಲೆಯನ್ನು ದಿಂಬಿನ ಮೇಲೆ ಸ್ವಲ್ಪ ಎತ್ತರಿಸಿಡಬೇಕು. ಕನ್ನಡಕ ಹಾಕಿಕೊಳ್ಳುತ್ತಿದ್ದವರು, ಪೊರೆಯ ಶಸ್ತ್ರಚಿಕಿತ್ಸೆಯಾದವರು, ಸಕ್ಕರೆ ಕಾಯಿಲೆಯವರು ಕೂಡ ಕೊಡಬಹುದು. ತಂಡ ಮನೆಗೇ ಬರುತ್ತದೆ, ಮುಖ ವಿಕಾರವಾಗುವುದಿಲ್ಲ, ಅಂತ್ಯಕ್ರಿಯೆಗೂ ತಡವಾಗುವುದಿಲ್ಲ. ಹತ್ತಿರದ ನೇತ್ರನಿಧಿಯ ದೂರವಾಣಿ ಸಂಖ್ಯೆಯನ್ನು ಪ್ರತಿ ಔಷಧಿ ಅಂಗಡಿಯಲ್ಲೂ ಪಂಚಾಯ್ತಿ ಕಚೇರಿಯಲ್ಲೂ ಬರೆಸಿ ಹಾಕುವ ಕೆಲಸವನ್ನು ಊರಿನ ಕ್ಲಬ್ ಈ ವರ್ಷವೇ ಮಾಡಬಹುದು. ಆ ಸಂಖ್ಯೆ ಬದಲಾದಾಗ ತಿದ್ದಿಸುವ ಹೊಣೆಯನ್ನು ಮುಂದಿನ ಅಧ್ಯಕ್ಷರೂ ಅವರ ನಂತರದವರೂ ಹೊರಬೇಕಾಗುತ್ತದೆ.