ತಲೆದಿಂಬು ಒಡವೆಯಲ್ಲ

ತೂತಂಖಾಮನ್‌ನ ತಲೆಯ ಹಿಂದೆ, ಆ ಜಗತ್ಪ್ರಸಿದ್ಧ ಚಿನ್ನದ ಮುಖವಾಡದ ಒಳಗೆ, ಕಬ್ಬಿಣದ ಒಂದು ಪುಟ್ಟ ತಲೆದಿಂಬು ಇತ್ತು. ದಿಂಬು ಎಂದರೆ ನಮ್ಮ ಹತ್ತಿಯ ದಿಂಬಲ್ಲ. ಈಜಿಪ್ಟಿನವರು ಮಲಗುವಾಗ ಕುತ್ತಿಗೆಗೆ ಆಸರೆಯಾಗಿ ಇಟ್ಟುಕೊಳ್ಳುತ್ತಿದ್ದ, ಮೇಲ್ಭಾಗ ಅರ್ಧಚಂದ್ರದಂತೆ ಬಾಗಿದ ಗಟ್ಟಿ ಪೀಠ. ಇದು ಅದರದೇ ಅಂಗೈಯೊಳಗೆ ಅಡಗುವಷ್ಟು ಚಿಕ್ಕ ರೂಪ. ‘ಮೃತರ ಪುಸ್ತಕ’ ಎಂದು ಇಂದು ಕರೆಯಲಾಗುವ ಮಂತ್ರಗಳ ಸಂಗ್ರಹದಲ್ಲಿ 166ನೆಯದು ಈ ವಸ್ತುವಿಗೇ ಮೀಸಲು. ಸತ್ತವನ ತಲೆಯನ್ನು ಅವನಿಂದ ಯಾರೂ ಕಿತ್ತುಕೊಳ್ಳದಿರಲಿ ಎಂಬುದೇ ಅದರ ಆಶಯ.

1925ರ ನವೆಂಬರಿನಲ್ಲಿ ಹೊವರ್ಡ್ ಕಾರ್ಟರ್ ಮತ್ತು ಅಂಗರಚನಾ ತಜ್ಞ ಡಗ್ಲಸ್ ಡೆರಿ ಸೇರಿ ಆ ತಲೆಯನ್ನು ಮೈಯಿಂದ ಬೇರೆ ಮಾಡಿದರು. ಅಂತ್ಯಕ್ರಿಯೆಯಲ್ಲಿ ಸುರಿದಿದ್ದ ತೈಲ, ರಾಳಗಳು ಗಟ್ಟಿಯಾಗಿ ಶವವನ್ನು ಪೆಟ್ಟಿಗೆಗೆ, ಮುಖವಾಡವನ್ನು ತಲೆಗೆ ಅಂಟಿಸಿಬಿಟ್ಟಿದ್ದವು. ಬಿಸಿ ಮಾಡಿದ ಚಾಕುಗಳು ಬಂದವು. ಕೈಕಾಲುಗಳನ್ನೂ ಕೀಲುಗಳಲ್ಲಿ ಬಿಡಿಸಿದರು. ಬಟ್ಟೆಯ ಸುತ್ತುಗಳ ನಡುವಿನಿಂದ ಬಳೆ, ಉಂಗುರ, ಪದಕ, ತಾಯಿತಗಳೆಲ್ಲ ಸೇರಿ ನೂರಕ್ಕೂ ಹೆಚ್ಚು ವಸ್ತುಗಳು ಹೊರಬಂದವು. ದಿಂಬು ಕೈರೋಗೆ ಹೋಯಿತು. ತಲೆ ಲಕ್ಸರ್ ಬಳಿಯ ರಾಜರ ಕಣಿವೆಯಲ್ಲಿಯೇ ಉಳಿಯಿತು, ಈಗಲೂ ಅಲ್ಲಿಯೇ ಇದೆ.

ಇದನ್ನು ನಾವು ‘ನಿಧಿ ಪತ್ತೆ’ ಎಂದು ಬರೆಯುತ್ತೇವೆ. ನಾನೂ ಬರೆದಿದ್ದೇನೆ. ಪಿಎಚ್‌ಡಿಯ ಮೊದಲ ವರ್ಷದಲ್ಲಿ ಓದಿದ ಒಂದು ಸೆಮಿನಾರ್ ಪ್ರಬಂಧದಲ್ಲಿ ‘ಶವಾಭರಣಗಳು’ ಎಂಬ ಪದ ಟಂಕಿಸಿ ಬೀಗಿದ್ದೆ. ಯಾರೂ ತಕರಾರು ತೆಗೆಯಲಿಲ್ಲ. ಈಗ ನನ್ನ ತಕರಾರು ಇರುವುದು ಆ ಪದದ ಮೇಲೆಯೇ. ಇಂಗ್ಲಿಷಿನ ಕ್ಯಾಟಲಾಗುಗಳು ‘ಜ್ಯುವೆಲರಿ’ ಎಂದವು, ನಾವು ಕಣ್ಣುಮುಚ್ಚಿ ‘ಆಭರಣ’ ಎಂದೆವು. ಕನ್ನಡದಲ್ಲಿ ತಾಯಿತ ಎಂಬ ಮಾತು ಇದೆ, ಒಡವೆ ಎಂಬ ಮಾತೂ ಇದೆ. ಮಗುವಿನ ಸೊಂಟಕ್ಕೆ ಕಟ್ಟಿದ ತಾಯಿತವನ್ನು ಯಾವ ಅಜ್ಜಿಯೂ ಒಡವೆಗಳ ಲೆಕ್ಕಕ್ಕೆ ಸೇರಿಸುವುದಿಲ್ಲ, ಅದು ಬೆಳ್ಳಿಯದ್ದೇ ಆಗಿರಲಿ. ಈಜಿಪ್ಟಿನ ವಿಷಯಕ್ಕೆ ಬಂದಾಗ ಮಾತ್ರ ಈ ವಿವೇಕ ಎಲ್ಲಿ ಹೋಗುತ್ತದೆ?

ಅಲ್ಲಿನ ಪಠ್ಯಗಳಾದರೂ ಎಷ್ಟು ಕರಾರುವಾಕ್ಕಾಗಿವೆ ನೋಡಿ. 155ನೇ ಮಂತ್ರ ಒಸಿರಿಸ್‌ನ ಬೆನ್ನೆಲುಬೆಂದು ಭಾವಿಸಲಾದ ‘ಜೆದ್’ ಕಂಬದ ಕುರಿತದ್ದು. ಅದು ಚಿನ್ನದ್ದಾಗಿರಬೇಕು, ಸತ್ತವನ ಕೊರಳಲ್ಲಿ ಇರಬೇಕು. ಮುಂದಿನ ಮಂತ್ರದ್ದು ಐಸಿಸ್‌ಳ ಗಂಟು. ಅದಕ್ಕೆ ಕೆಂಪು ಜಾಸ್ಪರ್ ಕಲ್ಲೇ ಆಗಬೇಕು, ಯಾಕೆಂದರೆ ಮಂತ್ರ ಕರೆಯುವುದು ದೇವಿಯ ರಕ್ತವನ್ನು. ಎದೆಯ ಮೇಲೆ ಇಡುವುದು ಸಗಣಿ ಉರುಳಿಸುವ ಹುಳುವಿನ ಆಕಾರದ ಹಸಿರು ಕಲ್ಲು, ಅಂದರೆ ಸ್ಕ್ಯಾರಬ್. ಅದರ ಹೊಟ್ಟೆಯ ಮೇಲೆ ಕೊರೆದಿರುವ ಮಂತ್ರದಲ್ಲಿ ಸತ್ತವನು ತನ್ನ ಹೃದಯವನ್ನೇ ಬೇಡಿಕೊಳ್ಳುತ್ತಾನೆ: ತಕ್ಕಡಿಯ ಮುಂದೆ ನನ್ನ ವಿರುದ್ಧ ಸಾಕ್ಷಿ ಹೇಳಬೇಡ ಎಂದು. ತನ್ನ ಹೃದಯಕ್ಕೇ ಹೆದರಿದ ಮನುಷ್ಯನ ಅರ್ಜಿ ಅದು. ಅದನ್ನು ಎದೆಯಿಂದ ಎತ್ತಿ ಗಾಜಿನ ಪೆಟ್ಟಿಗೆಯಲ್ಲಿ ಇತರ ಇಪ್ಪತ್ತು ಸ್ಕ್ಯಾರಬ್‌ಗಳ ಸಾಲಿಗೆ ಸೇರಿಸಿದರೆ ಉಳಿಯುವುದು ಹಸಿರು ಕಲ್ಲು ಮಾತ್ರ.

ಚಿನ್ನದ ಮಾತು ಬೇರೆ ಎನ್ನುವವರಿಗೆ ಇನ್ನೊಂದು ಸಂಗತಿ. ಬಹುಪಾಲು ತಾಯಿತಗಳು ಚಿನ್ನದವಲ್ಲವೇ ಅಲ್ಲ. ಫಯಾನ್ಸ್ ಎಂಬ, ಪುಡಿಮಾಡಿದ ಸ್ಫಟಿಕಶಿಲೆಗೆ ಹೊಳಪು ಲೇಪ ಬಂದ ಅಗ್ಗದ ಸರಕಿನಿಂದ ಮಣ್ಣಿನ ಅಚ್ಚಿನಲ್ಲಿ ಒತ್ತಿ ತೆಗೆದವು. ಅಂಥ ಅಚ್ಚುಗಳು ಅಮರ್ನಾದಲ್ಲಿ ಸಾವಿರಗಟ್ಟಲೆ ಸಿಕ್ಕಿವೆ. ಒಡವೆಯ ಕಣ್ಣಿಗೆ ಇವು ಕಸ. ಸತ್ತವನ ಮೈಮೇಲೆ ಇವುಗಳ ಕೆಲಸ ಮಾತ್ರ ಚಿನ್ನದ್ದಕ್ಕಿಂತ ಕಡಿಮೆಯದಾಗಿರಲಿಲ್ಲ.

ಒಡವೆಯ ಕಣ್ಣು ಹಳೆಯದೇ. ಒಂಬತ್ತನೇ ರಾಮ್ಸೆಸ್‌ನ ಕಾಲದ, ಅಂದರೆ ಸುಮಾರು 3,100 ವರ್ಷ ಹಿಂದಿನ, ವಿಚಾರಣೆಯ ದಾಖಲೆ ಪಪೈರಸ್‌ನಲ್ಲಿ ಉಳಿದುಬಂದಿದೆ. ಅಮೆನ್‌ಪನೆಫರ್ ಎಂಬ ಕಲ್ಲುಕುಟಿಗ ತಪ್ಪೊಪ್ಪಿಕೊಳ್ಳುತ್ತಾನೆ: ಜೊತೆಗಾರರೊಂದಿಗೆ ಸೊಬೆಕೆಮ್‌ಸಾಫ್ ದೊರೆಯ ಗೋರಿ ಕೊರೆದದ್ದು, ಕೊರಳಿನ ತಾಯಿತ ಒಡವೆಗಳನ್ನು ಕಿತ್ತದ್ದು, ಶವಪೆಟ್ಟಿಗೆಗೆ ಬೆಂಕಿಯಿಟ್ಟದ್ದು, ಚಿನ್ನ ಹಂಚಿಕೊಂಡದ್ದು. ಕಳ್ಳರ ಬಗ್ಗೆ ನನಗೆ ಒಂದು ಬಗೆಯ ಗೌರವವಿದೆ. ಚಿನ್ನವನ್ನು ಅವರು ಚಿನ್ನ ಎಂದೇ ಕರೆದರು, ವಿಜ್ಞಾನ ಎನ್ನಲಿಲ್ಲ. 1830ರ ದಶಕದ ಲಂಡನ್ನಿನಲ್ಲಿ ಥಾಮಸ್ ಪೆಟ್ಟಿಗ್ರೂ ಎಂಬ ವೈದ್ಯ ಟಿಕೆಟ್ ಇಟ್ಟು ಜನರೆದುರು ಮಮ್ಮಿ ಬಿಚ್ಚುತ್ತಿದ್ದ. ಅವನದ್ದು ಉಪನ್ಯಾಸ!

ಬಿಚ್ಚದಿದ್ದರೆ ನಿನಗೆ ಈ ಮಂತ್ರ, ಜಾಗ, ಕಲ್ಲುಗಳ ಕಥೆ ತಿಳಿಯುತ್ತಿತ್ತೇ ಎಂದು ಗೆಳೆಯರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಫ್ಲಿಂಡರ್ಸ್ ಪೆಟ್ರಿ 1914ರ ತನ್ನ ತಾಯಿತಗಳ ಪುಸ್ತಕದಲ್ಲಿ ಯಾವುದು ಶವದ ಯಾವ ಭಾಗದಲ್ಲಿತ್ತು ಎಂದು ಚಿತ್ರ ಬರೆದು ತೋರಿಸದಿದ್ದರೆ ನನ್ನಂಥವರಿಗೆ ಕೆಲಸವೇ ಇರುತ್ತಿರಲಿಲ್ಲ. ಕಾರ್ಟರ್ ಕೂಡ ಪ್ರತಿಯೊಂದರ ಜಾಗ ಗುರುತಿಸಿದ. ಆ ಋಣ ನಿಜ. ಆದರೆ ವಸ್ತುವಿಗೆ ತೋರಿದ ನಿಗಾ ಮೈಗೆ ಯಾಕೆ ಸಿಗಲಿಲ್ಲ? ಹ್ಯಾರಿ ಬರ್ಟನ್ ತೆಗೆದ ಫೋಟೋದಲ್ಲಿ ಮರಳು ತುಂಬಿದ ತಟ್ಟೆಯ ಮೇಲೆ ಜೋಡಿಸಿದ ಶವದ ಎದೆಯಲ್ಲಿ ಮಣಿಗಳ ಕೊರಳಪಟ್ಟಿ ಕಾಣುತ್ತದೆ. 1968ರಲ್ಲಿ ಎಕ್ಸ್-ರೇ ತೆಗೆಯಲು ಹೋದವರಿಗೆ ಅದು ಸಿಗಲಿಲ್ಲ. ಪಕ್ಕೆಲುಬುಗಳೂ ಕಾಣೆಯಾಗಿದ್ದವು.

ಅಂದಿನವರಿಗೆ ಬೇರೆ ದಾರಿ ಇರಲಿಲ್ಲ ಎಂಬ ಸಮಜಾಯಿಷಿ ಅಂದಿಗೆ ಸರಿ, ಇಂದಿಗೆ ಅಲ್ಲ. 1916ರಲ್ಲಿ ದಕ್ಷಿಣ ಈಜಿಪ್ಟಿನಲ್ಲಿ ಸಿಕ್ಕ ಹದಿಹರೆಯದ ಹುಡುಗನ ಮಮ್ಮಿಯೊಂದು ಕೈರೋ ಮ್ಯೂಸಿಯಂನ ನೆಲಮಾಳಿಗೆಯಲ್ಲಿ ಹಾಗೆಯೇ ಬಿದ್ದಿತ್ತು. ಯಾರೂ ಬಿಚ್ಚಲಿಲ್ಲ, ಪುಣ್ಯಕ್ಕೆ. ಕೈರೋದ ವಿಕಿರಣ ತಜ್ಞೆ ಸಹರ್ ಸಲೀಂ ಮತ್ತು ಸಂಗಡಿಗರು ಅದನ್ನು ಸಿಟಿ ಸ್ಕ್ಯಾನ್ ಮಾಡಿ 2023ರಲ್ಲಿ ಪ್ರಕಟಿಸಿದರು. ಬಟ್ಟೆಯ ಮಡಿಕೆಗಳಲ್ಲಿ, ಮೈಯ ಒಳಗೆ ಒಟ್ಟು 49 ತಾಯಿತಗಳು, 21 ಬಗೆಯವು. ಬಾಯೊಳಗೆ ಚಿನ್ನದ ನಾಲಗೆ, ಪರಲೋಕದಲ್ಲಿ ಮಾತು ನಿಲ್ಲದಿರಲೆಂದು. ಎದೆಗೂಡಿನೊಳಗೆ ಚಿನ್ನದ ಸ್ಕ್ಯಾರಬ್. ಅದನ್ನು ಕೈಯಲ್ಲಿ ಹಿಡಿದು ನೋಡಬೇಕೆನಿಸಿದಾಗ ಅವರು ಮಾಡಿದ್ದು ಇಷ್ಟು: ಸ್ಕ್ಯಾನ್‌ನ ಅಳತೆಗಳಿಂದ ತ್ರೀಡಿ ಪ್ರಿಂಟರ್‌ನಲ್ಲಿ ಒಂದು ನಕಲು ತೆಗೆದುಕೊಂಡರು. ಅಸಲು ಹುಡುಗನ ಎದೆಯೊಳಗೇ ಇದೆ.