ನೆರಳಿಲ್ಲದ ನಾಡಿಗೆ ಕಡುಬೇಸಿಗೆಯ ಪ್ರವಾಸವೇ?



ಅಮೆರಿಕದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಈಚೆಗೆ ಈಜಿಪ್ಟ್ ಪ್ರವಾಸದ ಕಾರ್ಯಪಟ್ಟಿಯೊಂದನ್ನು ಕಳುಹಿಸಿ ನನ್ನ ಅಭಿಪ್ರಾಯ ಕೇಳಿದರು. ಜೂನ್ ಕೊನೆಯ ವಾರ ಎಂಟು ದಿನಗಳ ಪ್ರವಾಸ. ಅವರು ಹೆಂಡತಿ ಮಕ್ಕಳೊಡನೆ ಅಲ್ಲಿಂದ ಬರುವುದು, ಎಪ್ಪತ್ತು ದಾಟಿದ ತಂದೆತಾಯಿ ಮೈಸೂರಿನಿಂದ ಹೊರಟು ಕೈರೋದಲ್ಲಿ ಅವರನ್ನು ಕೂಡಿಕೊಳ್ಳುವುದು. ಚಳಿಗಾಲದ ದರಕ್ಕಿಂತ ಬಹಳ ಅಗ್ಗ ಎಂಬುದು ಪಟ್ಟಿಯ ತಲೆಯಲ್ಲೇ ಇದ್ದ ಹೆಗ್ಗಳಿಕೆ. ಇಂಥ ಪಟ್ಟಿ ನನ್ನ ಕಣ್ಣಿಗೆ ಬಿದ್ದದ್ದು ಇದೇ ಮೊದಲಲ್ಲವಾದ್ದರಿಂದ ಒಬ್ಬರಿಗೆ ಬರೆದ ಉತ್ತರವನ್ನು ವಿಸ್ತರಿಸಿ ಎಲ್ಲರಿಗೂ ಬರೆಯುತ್ತಿದ್ದೇನೆ. ನನ್ನ ವಾದ ಸರಳ. ಈಜಿಪ್ಟನ್ನು ಜೀವಮಾನದಲ್ಲಿ ಒಮ್ಮೆ ನೋಡಬೇಕು. ಆದರೆ ಕಡುಬೇಸಿಗೆಯಲ್ಲಿ ಹೋಗಬಾರದು. ವೃದ್ಧರನ್ನೂ ಮಕ್ಕಳನ್ನೂ ಕರೆದುಕೊಂಡಂತೂ ಖಂಡಿತ ಹೋಗಬಾರದು.

ಎಂಟನೆಯ ತರಗತಿಯಲ್ಲಿ ನಾನು ಹೇಳಿಕೊಟ್ಟ ಎರಟೋಸ್ತನೀಸನ ಕಥೆ ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಕ್ರಿಸ್ತಪೂರ್ವ ಮೂರನೆಯ ಶತಮಾನದ ಆ ವಿದ್ವಾಂಸ ಅಲೆಕ್ಸಾಂಡ್ರಿಯಾದ ಗ್ರಂಥಾಲಯದ ಮುಖ್ಯಸ್ಥನಾಗಿದ್ದ. ದಕ್ಷಿಣದ ಒಂದು ಊರಿನಲ್ಲಿ ಕರ್ಕ ಸಂಕ್ರಮಣದ ನಡುಹಗಲು ಸೂರ್ಯನ ಬೆಳಕು ಬಾವಿಯ ತಳವನ್ನೇ ಮುಟ್ಟುತ್ತದೆಂಬ ಸಂಗತಿ ಅವನಿಗೆ ತಿಳಿದಿತ್ತು. ಅದೇ ಹೊತ್ತಿನಲ್ಲಿ ಅಲೆಕ್ಸಾಂಡ್ರಿಯಾದ ನೆರಳಿನ ಕೋನ ಸುಮಾರು 7.2 ಡಿಗ್ರಿ, ಅಂದರೆ ವೃತ್ತದ ಐವತ್ತನೆಯ ಒಂದು ಭಾಗ. ಇಷ್ಟರಿಂದಲೇ ಅವನು ಭೂಮಿಯ ಸುತ್ತಳತೆಯನ್ನು ಲೆಕ್ಕ ಹಾಕಿದ. ಆ ದಕ್ಷಿಣದ ಊರೇ ಇಂದಿನ ಅಸ್ವಾನ್. ನಮ್ಮ ಕಾರ್ಯಪಟ್ಟಿಯ ಆರನೆಯ ದಿನದ ತಾಣ! ಜೂನ್ 21ರ ನಡುಹಗಲು ಅಲ್ಲಿ ಆರಡಿ ಆಳಿನ ನೆರಳು ಒಂದು ಅಂಗುಲವನ್ನೂ ಮುಟ್ಟದು. ಭೂಗೋಳದ ಪಾಠಕ್ಕೆ ಅದೊಂದು ಸೊಗಸಾದ ಉದಾಹರಣೆ. ಎಪ್ಪತ್ತು ದಾಟಿದ ತಾಯಿಯನ್ನು ಕರೆದೊಯ್ದು ನಿಲ್ಲಿಸುವುದಕ್ಕೆ ಅದು ತಕ್ಕ ಸ್ಥಳವಲ್ಲ.

ಲಕ್ಸರಿನಲ್ಲಿಯೂ ಸ್ಥಿತಿ ಹೆಚ್ಚು ಭಿನ್ನವಲ್ಲ. ಜೂನ್, ಜುಲೈ ತಿಂಗಳುಗಳಲ್ಲಿ ಅಲ್ಲಿನ ಸರಾಸರಿ ಗರಿಷ್ಠ ತಾಪಮಾನ ಸುಮಾರು 41 ಡಿಗ್ರಿ. ಅದೂ ಹವಾಮಾನ ಇಲಾಖೆಯವರು ನೆರಳಿನಲ್ಲಿಟ್ಟು ಅಳೆದದ್ದು. ಕಾರ್ಯಪಟ್ಟಿಯಲ್ಲಿ ಕಾರ್ನಾಕ್ ದೇಗುಲಕ್ಕೆ ಗೊತ್ತುಮಾಡಿದ ವೇಳೆ ಮಧ್ಯಾಹ್ನ ಒಂದು ಗಂಟೆ. ಈಜಿಪ್ಟ್ ಸರ್ಕಾರ ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ಪದ್ಧತಿಯನ್ನು 2023ರಲ್ಲಿ ಮತ್ತೆ ಜಾರಿಗೆ ತಂದಿತು. ಹೀಗಾಗಿ ಅಲ್ಲಿ ಸೂರ್ಯ ನೆತ್ತಿಗೆ ಬರುವುದು ಹನ್ನೆರಡಕ್ಕಲ್ಲ, ಸುಮಾರು 12.50ಕ್ಕೆ. ಎಂದರೆ ದಿನದ ಅತ್ಯಂತ ಕ್ರೂರವಾದ ಗಳಿಗೆಯನ್ನೇ ಹುಡುಕಿ ಇಟ್ಟಂತಾಯಿತು. ಕಾರ್ನಾಕಿನ ಮಹಾಮಂಟಪದಲ್ಲಿ 134 ಕಂಬಗಳಿವೆ. ನಡುವಿನ ಹನ್ನೆರಡು ಕಂಬಗಳ ಎತ್ತರ ಸುಮಾರು 21 ಮೀಟರ್. ಆ ಹೊತ್ತಿನಲ್ಲಿ ಅಷ್ಟೆತ್ತರದ ಕಂಬದ ನೆರಳು ಒಂದು ಮೀಟರಿಗೂ ಕಡಿಮೆ. ಒಂದು ಕಾಲದಲ್ಲಿ ಆ ಮಂಟಪಕ್ಕೆ ಕಲ್ಲುಚಪ್ಪಡಿಗಳ ಮಾಡಿತ್ತು. ಒಳಗೆ ನಸುಗತ್ತಲೆ, ತಂಪು. ಈಗ ಮಾಡಿನ ಬಹುಭಾಗ ಉಳಿದಿಲ್ಲ. ಕಟ್ಟಿದವರು ಬಿಸಿಲನ್ನು ತಡೆಯಲೆಂದು ಕಲ್ಲು ಹೊದಿಸಿದ ಸ್ಥಳದಲ್ಲಿ ನಾವು ಬರಿಯ ಟೊಪ್ಪಿಗೆ ಹಾಕಿಕೊಂಡು ನಿಲ್ಲಲು ಹೊರಟಿದ್ದೇವೆ.

ಇನ್ನು ಹೀಗೆ ಹೇಳುವವರ ವಾದಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು, "ನಮಗೇನು ಬಿಸಿಲು ಹೊಸದೇ? ನಾವು ಉಷ್ಣದೇಶದವರು" ಎಂಬುದು. ಮೈಸೂರಿನ ಏಪ್ರಿಲ್ ತಿಂಗಳ ಬಿಸಿಲು ಸಾಮಾನ್ಯವಾಗಿ 35 ಡಿಗ್ರಿಯ ಆಸುಪಾಸಿನದು. ಹೊಸ ತಾಪಕ್ಕೆ ದೇಹ ಒಗ್ಗಿಕೊಳ್ಳಲು ಒಂದೆರಡು ವಾರಗಳೇ ಬೇಕು. ನಮ್ಮ ಪ್ರವಾಸವೇ ಎಂಟು ದಿನ. ಅದಿರಲಿ, ನಿಜವಾದ ಬಿಸಿಲುನಾಡಾದ ರಾಯಚೂರಿನ ರೈತ ಮೇ ತಿಂಗಳ ನಡುಹಗಲು ಎಲ್ಲಿರುತ್ತಾನೆ? ಬೆಳಗಿನ ತಂಪಿನಲ್ಲೇ ಹೊಲದ ಕೆಲಸ ಮುಗಿಸಿ ಮನೆಯಲ್ಲೋ ಬೇವಿನ ಮರದ ಕೆಳಗೋ ಇರುತ್ತಾನೆ. ಉಷ್ಣದೇಶದವರ ಜಾಣ್ಮೆ ಇರುವುದು ಬಿಸಿಲನ್ನು ತಪ್ಪಿಸಿಕೊಳ್ಳುವುದರಲ್ಲಿ. ಕಾರ್ಯಪಟ್ಟಿಗೆ ಕಟ್ಟುಬಿದ್ದ ಪ್ರವಾಸಿಗೆ ಆ ಸ್ವಾತಂತ್ರ್ಯವೇ ಇರುವುದಿಲ್ಲ. 2024ರ ಜೂನ್ ತಿಂಗಳ ಹಜ್ ಯಾತ್ರೆಯಲ್ಲಿ ಮೆಕ್ಕಾದ ತಾಪ 50 ಡಿಗ್ರಿ ದಾಟಿದಾಗ 1301 ಮಂದಿ ಅಸುನೀಗಿದರೆಂದು ಸೌದಿ ಸರ್ಕಾರವೇ ಪ್ರಕಟಿಸಿತು. ಅವರಲ್ಲಿ ಬಹುಪಾಲು ಮಂದಿ ಅನುಮತಿಪತ್ರವಿಲ್ಲದೆ, ತಂಗಲು ಆಸರೆಯಿಲ್ಲದೆ ಬಿಸಿಲಿನಲ್ಲಿ ಬಹುದೂರ ನಡೆದವರು. ಈಜಿಪ್ಟಿನವರೇ ಅವರಲ್ಲಿ ನೂರಾರು ಮಂದಿ ಇದ್ದರು. ಮರುಭೂಮಿಯಲ್ಲಿ ಹುಟ್ಟಿ ಬೆಳೆದವರನ್ನೂ ಬಿಡದ ಸೂರ್ಯ ಮೈಸೂರಿನವರಿಗೆ ರಿಯಾಯಿತಿ ಕೊಡುವನೇ?

ಎರಡನೆಯದು, "ಅಲ್ಲಿಯದು ಒಣಬಿಸಿಲು, ಬೆವರೇ ಬರುವುದಿಲ್ಲ" ಎಂಬ ಸಮಾಧಾನ. ಇದು ಎಲ್ಲಕ್ಕಿಂತ ಅಪಾಯಕಾರಿಯಾದ ಮಾತು. ಬೆವರು ಬರುತ್ತದೆ, ಬಂದ ಕೂಡಲೇ ಆರಿಹೋಗುತ್ತದೆ, ಅಷ್ಟೇ. ಸುತ್ತಲಿನ ಗಾಳಿ ಮೈಗಿಂತ ಬಿಸಿಯಾಗಿರುವಾಗ ದೇಹವನ್ನು ತಣಿಸಲು ಬೆವರೊಂದೇ ಗತಿ. ಅಂಗಿ ಒದ್ದೆಯಾಗದ ಕಾರಣ ಮೈಯ ನೀರು ಎಷ್ಟು ಸೋರಿಹೋಯಿತೆಂಬುದೇ ತಿಳಿಯುವುದಿಲ್ಲ. ವಯಸ್ಸಾದವರಲ್ಲಿ ಬಾಯಾರಿಕೆಯ ಅರಿವೇ ಕುಗ್ಗಿರುತ್ತದೆ. ರಕ್ತದೊತ್ತಡಕ್ಕೆ ಕೊಡುವ ಮಾತ್ರೆಗಳಲ್ಲಿ ಕೆಲವು ಮೂತ್ರ ಹೆಚ್ಚಿಸಿ ದೇಹದ ನೀರನ್ನು ಹೊರಹಾಕುವಂಥವು. ಹೊರಡುವ ಮುನ್ನ ತಂದೆತಾಯಿಯ ಔಷಧಗಳ ಚೀಟಿಯನ್ನು ವೈದ್ಯರಿಗೆ ತೋರಿಸಿದವರು ನಿಮ್ಮಲ್ಲಿ ಎಷ್ಟು ಮಂದಿ?

ಮೂರನೆಯದು, "ಬಸ್ಸು, ಹೋಟೆಲು ಎರಡೂ ಹವಾನಿಯಂತ್ರಿತ" ಎಂಬುದು. ಬಸ್ಸು ನಿಲ್ದಾಣದವರೆಗೆ ಬರುತ್ತದೆಯೇ ಹೊರತು ರಾಜರ ಕಣಿವೆಯ ಗೋರಿಗಳೊಳಗೆ ಇಳಿಯುವುದಿಲ್ಲ. ಆ ಕಣಿವೆಯ ಸುತ್ತ ಬೋಳುಬಂಡೆಗಳು. ಕೆಳಗಿನಿಂದಲೂ ಪಕ್ಕದಿಂದಲೂ ಕಾವು ಬಡಿಯುತ್ತದೆ. 2023 ಮತ್ತು 2024ರ ಬೇಸಿಗೆಗಳಲ್ಲಿ ಈಜಿಪ್ಟಿನಲ್ಲಿ ನಿತ್ಯವೂ ವಿದ್ಯುತ್ ಕಡಿತವಿತ್ತೆಂಬುದನ್ನೂ ಮರೆಯಬೇಡಿ. ಅದಕ್ಕಿಂತ ಎಷ್ಟೋ ಸೌಮ್ಯವಾದ ಹವೆಯ ಗ್ರೀಸ್ ದೇಶದಲ್ಲೇ 2023ರ ಜುಲೈನಲ್ಲಿ ಸರ್ಕಾರ ಅಥೆನ್ಸಿನ ಅಕ್ರೊಪೊಲಿಸನ್ನು ನಡುಹಗಲಿನ ವೇಳೆ ಮುಚ್ಚಿಸಿತು. ಹಣ ಕೊಟ್ಟು ಬಂದ ಪ್ರವಾಸಿಗರನ್ನು ಬಾಗಿಲಿನಿಂದಲೇ ಹಿಂದೆ ಕಳುಹಿಸಲು ಅವರಿಗೇನು ಹುಚ್ಚೇ?

ಈಜಿಪ್ಟನ್ನು ಚೆನ್ನಾಗಿ ಬಲ್ಲವರು ಏನು ಮಾಡಿದರು ನೋಡಿ. ಹೊವಾರ್ಡ್ ಕಾರ್ಟರ್ ಟುಟಾಂಖಾಮನ್ ದೊರೆಯ ಗೋರಿಯ ಮೆಟ್ಟಿಲನ್ನು ಕಂಡದ್ದು 1922ರ ನವೆಂಬರ್ 4ರಂದು. ಒಳಗಿನ ಸಮಾಧಿಕೋಣೆಯನ್ನು ತೆರೆದದ್ದು 1923ರ ಫೆಬ್ರವರಿಯಲ್ಲಿ. ಬೇಸಿಗೆ ಬರುತ್ತಲೇ ಗೋರಿಯನ್ನು ಮುಚ್ಚಿ ಕೆಲಸ ನಿಲ್ಲಿಸುತ್ತಿದ್ದರು. ಜಗತ್ತೇ ಕಾದು ಕುಳಿತಿದ್ದ ನಿಧಿಯನ್ನು ಹೊರತೆಗೆಯಲು ಆತ ಹತ್ತು ವರ್ಷ ತೆಗೆದುಕೊಂಡ. 1907ರಲ್ಲಿ ಲಕ್ಸರಿನಲ್ಲಿ ಸಿರಿವಂತ ಪ್ರವಾಸಿಗರಿಗಾಗಿ ತೆರೆದ ಹೋಟೆಲಿನ ಹೆಸರೇ ವಿಂಟರ್ ಪ್ಯಾಲೇಸ್, ಚಳಿಗಾಲದ ಅರಮನೆ! ನೂರು ವರ್ಷಗಳ ಹಿಂದೆಯೇ ಎಲ್ಲರಿಗೂ ತಿಳಿದಿದ್ದ ಈ ಸಂಗತಿಯನ್ನು ನಾವು ಒಂದು ರಿಯಾಯಿತಿ ಜಾಹೀರಾತಿಗಾಗಿ ಮರೆತಿದ್ದೇವೆ. ಹಗಲು ಕಂಡ ಬಾವಿಗೆ ಇರುಳು ಬಿದ್ದರೆಂಬ ಗಾದೆಯಿದೆ. ನಾವು ಹಗಲಿನಲ್ಲೇ ಬೀಳಲು ಹೊರಟಿದ್ದೇವೆ. ಬೇಸಿಗೆಯ ದರ ಅಗ್ಗವಾಗಿರುವುದು ಯಾರ ಔದಾರ್ಯದಿಂದಲೂ ಅಲ್ಲ. ತಿಳಿದವರು ಆಗ ಹೋಗುವುದಿಲ್ಲ, ಅದಕ್ಕೇ ಅಗ್ಗ.

ಕೊನೆಯ ವಾದ ಗಂಭೀರವಾದದ್ದು: "ಮಕ್ಕಳಿಗೆ ರಜೆ ಇರುವುದೇ ಆಗ." ಇದಕ್ಕೆ ಉತ್ತರವಿಲ್ಲದೆ ಇಲ್ಲ. ಅಮೆರಿಕದಲ್ಲಿರುವವರಿಗೆ ಡಿಸೆಂಬರ್ ಕೊನೆಯ ರಜೆಯಿದೆ. ಆಗ ಲಕ್ಸರಿನಲ್ಲಿ ಹಗಲಿನ ತಾಪ 25 ಡಿಗ್ರಿಯ ಒಳಗೆ. ದರ ಹೆಚ್ಚು ನಿಜ. ಎಂಟು ದಿನದ ಪ್ರವಾಸವನ್ನು ಐದು ದಿನಕ್ಕೆ ಇಳಿಸಿ, ಇಲ್ಲವೇ ಇನ್ನೊಂದು ವರ್ಷ ಹಣ ಕೂಡಿಡಿ. ನಾಲ್ಕೂವರೆ ಸಾವಿರ ವರ್ಷ ನಿಂತಿರುವ ಪಿರಮಿಡ್ಡುಗಳು ನಿಮಗಾಗಿ ಮತ್ತೊಂದು ವರ್ಷ ಕಾಯುತ್ತವೆ. ಕರ್ನಾಟಕದಲ್ಲಿರುವವರಿಗೆ ದಸರಾ ರಜೆಯಿದೆ. ಅಕ್ಟೋಬರ್ ಹೊತ್ತಿಗೆ ಅಲ್ಲಿನ ಸೂರ್ಯ ಸಾಕಷ್ಟು ದಕ್ಷಿಣಕ್ಕೆ ಸರಿದಿರುತ್ತಾನೆ. ಬೆಳಗು, ಸಂಜೆ ಹಿತವಾಗಿರುತ್ತವೆ. ಅಕ್ಟೋಬರ್ 22ರ ಸುಮಾರಿಗೆ ಅಬು ಸಿಂಬೆಲ್ ದೇಗುಲದ ಗರ್ಭಗುಡಿಯ ಮೂರ್ತಿಗಳ ಮೇಲೆ ಉದಯರವಿಯ ಕಿರಣ ಬೀಳುವುದನ್ನೂ ಕಾಣಬಹುದು. ಇದಾವುದೂ ಹೊಂದದಿದ್ದರೆ ಜನವರಿಯಲ್ಲಿ ಮಕ್ಕಳಿಗೆ ಒಂದು ವಾರ ಶಾಲೆ ಬಿಡಿಸಿ ಕರೆದೊಯ್ಯಿರಿ. ಹಾಜರಿ ಪುಸ್ತಕದ ವಿಷಯದಲ್ಲಿ ನಾನೆಷ್ಟು ಕಠಿಣನಾಗಿದ್ದೆನೆಂಬುದು ನಿಮಗೆಲ್ಲ ಗೊತ್ತು. ಆ ನಾನೇ ಈ ಮಾತು ಹೇಳುತ್ತಿದ್ದೇನೆ. ಯಾವುದೋ ಅನಿವಾರ್ಯದಿಂದ ಬೇಸಿಗೆಯಲ್ಲೇ ಹೋಗಬೇಕಾದರೆ ಕೈರೋ ದಾಟಿ ದಕ್ಷಿಣಕ್ಕೆ ಇಳಿಯಬೇಡಿ. ಬೆಳಗ್ಗೆ ಹತ್ತರೊಳಗೆ ಹೊರಗಿನ ಸುತ್ತಾಟ ಮುಗಿಸಿ, ಗೀಜಾದ ಬಳಿ 2025ರ ನವೆಂಬರ್‌ನಲ್ಲಿ ಪೂರ್ಣವಾಗಿ ತೆರೆದ ಬೃಹತ್ ವಸ್ತುಸಂಗ್ರಹಾಲಯದಲ್ಲಿ ಹಗಲು ಕಳೆಯಿರಿ. ಟುಟಾಂಖಾಮನ್ನನ ಗೋರಿಯ ನಿಧಿಯನ್ನು ಅಲ್ಲಿ ಒಂದೆಡೆ ಕಾಣಬಹುದು.

ಇನ್ನೊಂದು ಮಾತು ಬಿಚ್ಚಿ ಹೇಳಬೇಕು. ಮಕ್ಕಳು ಹಣ ಹಾಕಿ ಕರೆದೊಯ್ಯುವಾಗ ನಮ್ಮ ವಯಸ್ಸಿನವರು "ಬೇಡ" ಎನ್ನುವುದಿಲ್ಲ. ಆಯಾಸವಾದರೆ ಹೇಳುವುದಿಲ್ಲ, ತಲೆ ಸುತ್ತಿದರೆ ಬಚ್ಚಿಡುತ್ತೇವೆ. ಮಕ್ಕಳ ಖುಷಿ ಕೆಡಬಾರದೆಂದು "ನೀವು ನೋಡಿಕೊಂಡು ಬನ್ನಿ, ನಾವು ಬಸ್ಸಿನಲ್ಲೇ ಕೂತಿರುತ್ತೇವೆ" ಎನ್ನುತ್ತೇವೆ. ಶಾಲೆಯ ಪುಸ್ತಕದ ಮಸಕು ಚಿತ್ರದಲ್ಲಿ ಕಂಡ ದೇಗುಲವನ್ನು ಕಣ್ಣಾರೆ ಕಾಣಬೇಕೆಂದು ಅರವತ್ತು ವರ್ಷ ಆಸೆಪಟ್ಟವರು, ಅಷ್ಟು ದೂರ ಹಾರಿಹೋಗಿ, ಅದನ್ನು ಬಸ್ಸಿನ ಕಿಟಕಿಯ ಪರದೆ ಸರಿಸಿ ನೋಡಿಬರುವುದು! ಅಗ್ಗದ ಪ್ರವಾಸದ ನಿಜವಾದ ಬೆಲೆ ಇದು, ಮತ್ತು ಅದನ್ನು ತೆರುವವರು ಅವರು.

ನನ್ನ ವಿದ್ಯಾರ್ಥಿಗೆ ಬರೆದ ಉತ್ತರದ ಕೊನೆಯ ಸಾಲನ್ನೇ ಇಲ್ಲಿಯೂ ಬರೆಯುತ್ತೇನೆ. ಮುಂಗಡ ಹಣ ಕೊಟ್ಟಿದ್ದರೆ ಅದು ಹೋಗಲಿ, ಟಿಕೇಟು ರದ್ದುಮಾಡಿ. ಅಪ್ಪ ಅಮ್ಮನನ್ನು ಡಿಸೆಂಬರಿನಲ್ಲಿ ಕರೆದುಕೊಂಡು ಹೋಗಿ, ಕಾರ್ನಾಕಿನ ಕಂಬಗಳ ನಡುವೆ ಅವರು ನಿಧಾನವಾಗಿ, ತಮ್ಮ ಕಾಲಿನ ಮೇಲೆ, ತಮಗೆ ಬೇಕಾದಷ್ಟು ಹೊತ್ತು ಓಡಾಡಲಿ.