ಮಗ್ಗದ ಮನೆಯಲ್ಲಿ ಜೀವಶಾಸ್ತ್ರ



ಬನಹಟ್ಟಿಯ ಪರಿಚಿತರೊಬ್ಬರ ಮನೆಗೆ ಹೋದಾಗ, ಪಿಯುಸಿ ದ್ವಿತೀಯ ವರ್ಷದಲ್ಲಿರುವ ಅವರ ಮಗಳು ಜೀವಶಾಸ್ತ್ರದ ಪುಸ್ತಕವನ್ನು ಮುಂದಿಟ್ಟುಕೊಂಡು ಕಣ್ಣೊರೆಸಿಕೊಳ್ಳುತ್ತಿದ್ದಳು. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಕಲಿತವಳಿಗೆ ಈಗ ಎಲ್ಲ ಪಾಠವೂ ಇಂಗ್ಲಿಷಿನಲ್ಲಿ. “ತಲ್ಯಾಗ ನಿಲ್ಲವಲ್ದ್ರಿ ಅಜ್ಜಾರ, ವಿಜ್ಞಾನ ಬಿಟ್ಟಬಿಡ್ತೀನಿ” ಎಂದಳು.

ಪಾಠ ಬಿಟಿ ಹತ್ತಿಯದು. ಪಕ್ಕದ ಕೋಣೆಯ ಮಗ್ಗದಲ್ಲಿ ಓಡುತ್ತಿದ್ದುದೂ ಹತ್ತಿಯ ನೂಲೇ! ಕಾಯಿಕೊರಕ ಹುಳುವನ್ನು ಕೊಲ್ಲುವ ವಿಷವು, ಅದನ್ನು ತಯಾರಿಸುವ ಬ್ಯಾಕ್ಟೀರಿಯವನ್ನೇ ಏಕೆ ಕೊಲ್ಲುವುದಿಲ್ಲ? ಇದು ಪಾಠದ ಒಂದು ಪ್ರಶ್ನೆ. ಮಠದಲ್ಲಿ ವ್ಯಾಕರಣ ಓದಿದ ನನಗೂ ಉತ್ತರ ತಿಳಿಯದು. ಇಬ್ಬರೂ ಕೂಡಿ ಸಾಲುಸಾಲಾಗಿ ಕನ್ನಡದಲ್ಲಿ ಬಿಡಿಸಿದೆವು. ಬ್ಯಾಕ್ಟೀರಿಯದೊಳಗೆ ಆ ವಿಷ ನಿಷ್ಕ್ರಿಯವಾಗಿರುತ್ತದೆ. ಹುಳುವಿನ ಕರುಳಿನ ಕ್ಷಾರಗುಣ ತಾಗಿದೊಡನೆ ಎಚ್ಚೆತ್ತು, ಅಲ್ಲಿಯ ಕೋಶಗಳಿಗೆ ರಂಧ್ರ ಕೊರೆಯುತ್ತದೆ. ಕೋಶಗಳು ಉಬ್ಬಿ ಒಡೆದು ಹುಳು ಸಾಯುತ್ತದೆ. ಭಾರತದಲ್ಲಿ ಈ ಹತ್ತಿಗೆ ಅನುಮತಿ ದೊರೆತದ್ದು 2002ರಲ್ಲಿ. ಹುಡುಗಿ ಮಗ್ಗದ ಬಳಿಯಿದ್ದ ತಾಯಿಗೆ ಇದನ್ನೆಲ್ಲ ಸಪ್ಪಳ ಮೀರಿಸುವ ದನಿಯಲ್ಲಿ ಹೇಳಿದಳು. ಅನಂತರ ಇಂಗ್ಲಿಷಿನಲ್ಲಿ ತಾನೇ ಬರೆದಳು. ತಪ್ಪಿದ್ದುದು ಎರಡೇ ಶಬ್ದ.

ಗೈಡುಗಳನ್ನು ಉರುಹೊಡೆಸುವ ತಂದೆತಾಯಂದಿರು ಇದನ್ನು ಗಮನಿಸಬೇಕು. ಲಿಖಿತ ಪರೀಕ್ಷೆಗೆ 70, ಪ್ರಾಯೋಗಿಕಕ್ಕೆ 30 ಅಂಕ. 2024ರಿಂದ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಅವಕಾಶವಿದ್ದು, ಹೆಚ್ಚು ಬಂದ ಅಂಕವೇ ಉಳಿಯುತ್ತದೆ. ಒಂದು ಪರೀಕ್ಷೆಗಾಗಿ ಮಕ್ಕಳ ನಿದ್ರೆ ಕೆಡಿಸುವುದೇಕೆ? ಜಮಖಂಡಿ, ಬೀಳಗಿಯ ಮಕ್ಕಳಿಗೆ ದ್ಯುತಿಸಂಶ್ಲೇಷಣೆ ಕಲಿಯಲು ಕಬ್ಬಿನ ಹೊಲವೇ ಇದೆ.

ಆನುವಂಶೀಯತೆಯ ಪಾಠ ಬಾಕಿಯಿದೆ. ಮುಧೋಳದ ಬೇಟೆನಾಯಿಯಿಂದ ಆರಂಭಿಸೋಣವೆಂದು ಹೇಳಿ ಬಂದಿದ್ದೇನೆ. ನಾನೂ ಓದಿಕೊಂಡು ಹೋಗಬೇಕು.